ತೊಳೆಯುವವಳು

ಚಿತ್ರ ಬರೆದವರ ಹೆಸರು ತೆರೆಯ ಮೇಲೆ ಬಂತು.
ಬಣ್ಣ ತುಂಬಿದ ಹುಡುಗಿಯರದು ಒಂದೇ ಸಾಲಿನಲ್ಲಿ, ಒಟ್ಟಾಗಿ.
ನಾನು ಅಳಿಸಿದವಳು.
ಅಳಿಸಿದವಳ ಹೆಸರು ಯಾಕೆ ಬರಬೇಕು, ಹೇಳಿ.

ಕ್ಯೋಟೊದ ನಿಶಿಜಿನ್ ಓಣಿ. ಮಗ್ಗದ ಸದ್ದು ನಿಂತ ಮೇಲೆ
ನೇಕಾರರ ಹಳೆಯ ಅಟ್ಟಕ್ಕೆ ಸಿನಿಮಾದವರು ಬಂದರು.
ಮೂವತ್ತು ಮೇಜು, ಕೆಳಗಿಂದ ಬೆಳಕು ಬರುವ ಗಾಜು,
ಗೋಡೆಗೆ ನೌಕಾಪಡೆಯ ಮೊಹರೊತ್ತಿದ ಪತ್ರ:
ಗಂಟೆಗೂ ಮೀರಿದ ಚಿತ್ರ ಬೇಕು, ಹಿಮ ಕರಗುವುದರೊಳಗೆ.
ಪ್ರಾಣಿಗಳೇ ಸೈನಿಕರು. ಗೆಲುವು ನಮ್ಮದೇ.
ಅಷ್ಟುದ್ದದ್ದನ್ನು ಕೈಯಲ್ಲೇ ಬರೆದವರು
ನಮ್ಮಲ್ಲಿ ಯಾರೂ ಇರಲಿಲ್ಲ; ಕೇಳಿ ಕಲಿಯಲು ಹಿರಿಯರಿಲ್ಲ.

ಸೆಲ್ಯುಲಾಯ್ಡ್ ಹಾಳೆ ಸಿಗುತ್ತಿರಲಿಲ್ಲ.
ಹತ್ತಿಯನ್ನು ಆಮ್ಲದಲ್ಲಿ ನೆನೆಸಿದರೆ
ಒಂದು ಹದಕ್ಕೆ ಈ ಹಾಳೆ, ಇನ್ನೊಂದು ಹದಕ್ಕೆ ತೋಪಿನ ಮದ್ದು.
ಹತ್ತಿಯೆಲ್ಲ ಆ ಇನ್ನೊಂದು ಹದಕ್ಕೇ ಹೋಗುತ್ತಿತ್ತು.
ಹಾಗಾಗಿ ಕ್ಯಾಮೆರಾದಡಿ ಹಾದು ಬಂದದ್ದೆಲ್ಲ
ನನ್ನ ತೊಟ್ಟಿಗೆ.
ಉಗುರುಬೆಚ್ಚಗಿನ ನೀರು, ಚಿಟಿಕೆ ಸೋಡಾ,
ಅಮ್ಮನ ಕಿಮೋನೊ ಹರಿದ ಮೆದು ಬಟ್ಟೆ.
ಬೆಳಿಗ್ಗೆ ಕರಡಿ, ಮಧ್ಯಾಹ್ನ ಮೊಲಗಳ ದಂಡು,
ಸಂಜೆಗೆ ಇಡೀ ಹಡಗು, ಹೊಗೆ ಸಮೇತ.
ಬೂದು ನೀರು ಮೋರಿಗೆ.
ಹಾಳೆಗಳು ದಾರದ ಮೇಲೆ, ಏನೂ ಆಗಿಲ್ಲವೆಂಬಂತೆ.

ಕುರಾಮೊಚಿಗೆ ಇಪ್ಪತ್ತೆರಡು. ಎಡಚ.
ಸುಮ್ಮನೆ ನಿಂತ ತೋಪಿನ ಕೊಳವೆಯ ಮೇಲೆ
ಒಂದು ಬಸವನಹುಳು ಹತ್ತುವುದನ್ನು ಬರೆದ.
ಹನ್ನೆರಡು ಸೆಕೆಂಡು, ನೂರ ನಲವತ್ತನಾಲ್ಕು ಹಾಳೆ.
ಕಥೆಯಲ್ಲಿ ಅದು ಇರಲೇ ಇಲ್ಲ.
ನೋಡಿ ಬರೆಯಲೆಂದು ಬಟ್ಟಲಲ್ಲಿ ಒಂದನ್ನು ಸಾಕಿದ್ದ,
ಪಡಿತರದ ಮೂಲಂಗಿ ಸೊಪ್ಪಿನಲ್ಲಿ ಅದಕ್ಕೂ ಪಾಲು.
ಅದು ಕೊಂಬು ಒಳಗೆಳೆದುಕೊಂಡರೆ
ಇವನ ಹುಬ್ಬು ಗಂಟಾಗುತ್ತಿತ್ತು.

ತಪಾಸಣೆಗೆ ಬಂದ ಅಧಿಕಾರಿ ಕೇಳಿದ: “ಇದು ಯಾತಕ್ಕೆ?”
“ತೋಪು ಎಷ್ಟು ದೊಡ್ಡದು ಅಂತ ಮಕ್ಕಳಿಗೆ ಗೊತ್ತಾಗಲಿ ಅಂತ.”
ಅಧಿಕಾರಿ ತಲೆದೂಗಿದ. ಚಹಾ ಕುಡಿದ.
ನಾವು ಮೇಜಿಗೆ ಬಗ್ಗಿ ನಗು ನುಂಗಿದೆವು.

ಮೂರನೆಯ ದಿನ ಕುರಾಮೊಚಿಗೆ ಕೆಂಪು ಕಾಗದ ಬಂತು.
ಅದಕ್ಕೂ ಇದಕ್ಕೂ ಸಂಬಂಧವಿಲ್ಲ.
ಆಗ ಎಲ್ಲರಿಗೂ ಬರುತ್ತಿತ್ತು.
ಹೋಗುವಾಗ ಬಟ್ಟಲನ್ನು ನನ್ನ ಕೈಗಿಟ್ಟ.
ಹಾಳೆ ಉಳಿಸು ಎನ್ನಲಿಲ್ಲ. ಅವನಿಗೂ ಗೊತ್ತಿತ್ತು.

ನೂರ ನಲವತ್ತನಾಲ್ಕನ್ನೂ ತೊಳೆದೆ.
ಕಟ್ಟು ತಲೆಕೆಳಗಾಗಿ ಬಂದಿತ್ತು, ಕೊನೆಯದು ಮೊದಲು.
ನನ್ನ ಕೈಯಡಿ ಹುಳು ಹಿಂದಕ್ಕೆ ಹಿಂದಕ್ಕೆ ಸರಿದು
ತೋಪಿನಿಂದ ಇಳಿದು ಹೋಯಿತು.
ಒಂದರಲ್ಲಿ ಮಾತ್ರ, ನಿಬ್ಬು ಒತ್ತಿದ್ದ ಕಡೆ,
ಮಸಿ ಹೋದರೂ ಗೀರು ಹೋಗಲಿಲ್ಲ.
ಬೆಳಕಿಗೆ ಹಿಡಿದರೆ ಕಾಣುತ್ತಿತ್ತು,
ಲೋಳೆ ಒಣಗಿದಂಥ ಒಂದು ಎಳೆ.
ಕೆಟ್ಟ ಹಾಳೆಯ ಬುಟ್ಟಿ ನನ್ನ ಬಲಕ್ಕಿತ್ತು.
ಎಡಕ್ಕಿಟ್ಟೆ.

ಮರುವಾರ ಅದರ ಮೇಲೆ
ಸೇನಾಪತಿ ಕರಡಿಯ ಕೆನ್ನೆ ಬಂತು.

ಏಪ್ರಿಲ್‌ನಲ್ಲಿ ಚಿತ್ರ ತೆರೆ ಕಂಡಾಗ ಊರಲ್ಲಿ ಮಕ್ಕಳಿಲ್ಲ.
ಶಾಲೆಗೆ ಶಾಲೆಯನ್ನೇ ಬೆಟ್ಟದ ದೇಗುಲಗಳಿಗೆ ಸಾಗಿಸಿದ್ದರು,
ಬಾಂಬಿಗೆ ಹೆದರಿ.
ಟಾಕೀಸಿನಲ್ಲಿ ನನ್ನನ್ನೂ ಸೇರಿಸಿ ಆರು ಜನ:
ನಿದ್ದೆ ಹೋದ ಒಬ್ಬ ಮುದುಕ, ಇಬ್ಬರು ದಾದಿಯರು,
ದಡಾರ ಎದ್ದು ರೈಲು ತಪ್ಪಿದ ಒಬ್ಬ ಹುಡುಗಿ, ಅವಳ ಅಜ್ಜಿ.
ತೋಪಿನ ದೃಶ್ಯ ಬಂತು. ಬಸವನಹುಳು ಇರಲಿಲ್ಲ;
ಯಾವ ಕತ್ತರಿಗೆ ಸಿಕ್ಕಿತೋ.

ಆಮೇಲೆ ಸೇನಾಪತಿಯ ಭಾಷಣ.
ಸೆಕೆಂಡಿನ ಹನ್ನೆರಡರಲ್ಲಿ ಒಂದು ಪಾಲು
ಅವನ ಕೆನ್ನೆಯ ಮೇಲೆ ಏನೋ ಮಿಂಚಿತು.
ಎವೆಯಿಕ್ಕಿದವರಿಗೆ ಇಲ್ಲ.
“ಅಜ್ಜಿ,” ಎಂದಳು ಹುಡುಗಿ, “ಆ ಕರಡಿ ಅಳ್ತಾ ಇದೆ.”
“ಶ್ಶ್. ಸೇನಾಪತಿಗಳು ಅಳೋದಿಲ್ಲ.”

ಅಂದು ರಾತ್ರಿಯೇ ಕುರಾಮೊಚಿಗೆ ಕಾರ್ಡು ಬರೆದೆ.
ಕರಡಿ, ಅಳು, ಹನ್ನೆರಡರಲ್ಲಿ ಒಂದು ಪಾಲು,
ಸೆನ್ಸಾರಿನವರು ಎಲ್ಲಕ್ಕೂ ಮಸಿ ಬಳಿದಿರಬಹುದು.
ಕೊನೆಯ ಸಾಲು ದಾಟಿದ್ದರೆ ಸಾಕು:
ಮೂಲಂಗಿ ಸೊಪ್ಪು ಸಿಗುತ್ತಿಲ್ಲ.
ಗೋಡೆಯ ಪಾಚಿ ತಿನ್ನುತ್ತಿದೆ.